ಕಂಪನಿಗೆ ‘ಗೊತ್ತು’ ಎಂದರೆ ಯಾರಿಗೆ ಗೊತ್ತು?

ಯಶವಂತ ಚಿತ್ತಾಲರ ‘ಶಿಕಾರಿ’ (1979) ಓದುವಾಗ ನಾವೂ ನಾಗಪ್ಪನ ಜೊತೆ ಪತ್ತೇದಾರರಾಗುತ್ತೇವೆ. ಮುಂಬಯಿಯ ಕಂಪನಿಯೊಂದರ ದೊಡ್ಡ ಹುದ್ದೆಯಲ್ಲಿದ್ದವನು ಇದ್ದಕ್ಕಿದ್ದಂತೆ ಆರೋಪಿಯಾಗುತ್ತಾನೆ. ಆರೋಪವೇನೆಂಬುದೇ ಅವನಿಗೆ ಸ್ಪಷ್ಟವಿಲ್ಲ. ಸಂಚು ಯಾರದು? ಫಿರೋಜ್ ಬಂದೂಕವಾಲಾನದೇ? ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಪ್ರಶ್ನೆ: ನಾಗಪ್ಪನ ಬಗ್ಗೆ ಕಂಪನಿಗೆ ‘ಗೊತ್ತು’ ಎಂದರೆ ನಿಜಕ್ಕೂ ಯಾರಿಗೆ ಗೊತ್ತು?

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ (1927–1998) ಇದಕ್ಕೆ ಕೊಡುವ ಉತ್ತರ ವಿಚಿತ್ರವಾದದ್ದು: ಯಾವ ಒಬ್ಬನಿಗೂ ಅಲ್ಲ. ಅವರ ಮುಖ್ಯ ಗ್ರಂಥ ‘ಸೋಷಿಯಾಲೆ ಸಿಸ್ಟೇಮೆ’ ಬಂದದ್ದು 1984ರಲ್ಲಿ. ಸಮಾಜ ಮನುಷ್ಯರಿಂದ ಆದದ್ದಲ್ಲ, ಸಂವಹನದಿಂದ ಆದದ್ದು. ನಮ್ಮ ಮನಸ್ಸುಗಳು ಅದರ ಒಳಗಿಲ್ಲ, ಅದರ ಪರಿಸರದಲ್ಲಿವೆ ಎನ್ನುತ್ತಾರೆ ಅವರು. ಸಂಸ್ಥೆಯಂತೂ ನಿರ್ಣಯಗಳ ಸರಪಳಿ. ಅದು ‘ತಿಳಿಯುವುದು’ ಎಂದರೆ ಹಳೆಯ ನಿರ್ಣಯಕ್ಕೆ ಹೊಸದನ್ನು ಪೋಣಿಸುವುದು. ಹೊರಗಿನ ಲೋಕ ಅದಕ್ಕೆ ಕಾಣುವುದು ತಾನೇ ಎಳೆದುಕೊಂಡ ಗೆರೆಗಳ ಮೂಲಕ ಮಾತ್ರ. ವಿರಾರ್ ಲೋಕಲ್‌ನಲ್ಲಿ ಒಂಟಿಕಾಲಲ್ಲಿ ನಿಂತು ಬಂದವನ ದಣಿವು ಹಾಜರಿ ಯಂತ್ರಕ್ಕೆ ತಿಳಿಯುವುದು ಎರಡೇ ಬಗೆಯಲ್ಲಿ: ಸಮಯಕ್ಕೆ ಬಂದ, ತಡವಾಗಿ ಬಂದ.

ಹೀಗೆ ನೋಡಿದರೆ ನಾಗಪ್ಪನ ಹುಡುಕಾಟ ಯಾಕೆ ಸೋಲುತ್ತದೆಂಬುದು ಹೊಳೆಯುತ್ತದೆ. ಅವನಿಗೆ ಬೇಕಾದದ್ದು ಒಂದು ಮುಖ. ಮುಖವಿದ್ದರೆ ಎದುರು ಕೂತು ಮಾತಾಡಬಹುದು. ಆದರೆ ಅವನು ಕೊಡುವ ಸಮಜಾಯಿಷಿಯೂ ಕಡತದ ಇನ್ನೊಂದು ಹಾಳೆಯಾಗಿಬಿಡುತ್ತದೆ.

ಲೂಮನ್‌ರ ದೃಷ್ಟಿಯಲ್ಲಿ ಮನಸ್ಸು ಕ್ಷುಲ್ಲಕವಲ್ಲ; ಅದೂ ತನ್ನಷ್ಟಕ್ಕೆ ಮುಚ್ಚಿಕೊಂಡ ವ್ಯವಸ್ಥೆಯೇ, ಅದಿಲ್ಲದೆ ಸಂವಹನವೂ ಇಲ್ಲ. ಆದರೆ ಅವರ ಸಿದ್ಧಾಂತ ಅದನ್ನು ಸಮಾಜದ ಹೊರಗೆ ಕೂರಿಸಿ ಮುಂದೆ ಹೋಗುತ್ತದೆ. ಚಿತ್ತಾಲರು ಅಲ್ಲೇ ನಿಲ್ಲುತ್ತಾರೆ. ಭಯ, ಶಂಕೆ, ಉತ್ತರ ಕನ್ನಡದ ನೆನಪು – ಯಾವ ಕಡತಕ್ಕೂ ಸೇರದ ಇವುಗಳಿಂದಲೇ ಕಾದಂಬರಿ ಕಟ್ಟಿಕೊಳ್ಳುತ್ತದೆ.

ಇಬ್ಬರೂ ಕಚೇರಿಯನ್ನು ಒಳಗಿನಿಂದ ಬಲ್ಲವರು. ಪ್ರಾಧ್ಯಾಪಕರಾಗುವ ಮೊದಲು ಲೂಮನ್ ಸರ್ಕಾರಿ ಆಡಳಿತದಲ್ಲಿದ್ದರು. ಚಿತ್ತಾಲರು ಮುಂಬಯಿಯಲ್ಲಿ ಪಾಲಿಮರ್ ಉದ್ಯಮದಲ್ಲಿ ದುಡಿದರು. ಆದರೂ ಒಂದು ಕಡೆ ನಾನು ಚಿತ್ತಾಲರ ಪಕ್ಷ. ‘ವ್ಯವಸ್ಥೆಯೇ ಹಾಗೆ’ ಎಂಬ ಮಾತು ಸಿದ್ಧಾಂತಿಗೆ ವಿವರಣೆ ಇರಬಹುದು, ಬೇಟೆಗಾರನಿಗೆ ಅದು ನೆಪ. ತಿಳಿವಳಿಕೆ ಯಾರೊಬ್ಬರದೂ ಅಲ್ಲದಿರಬಹುದು, ಸಹಿ ಮಾತ್ರ ಒಬ್ಬರದೇ. ಕೆಲಸ ಹುಡುಕಿ ಈ ಊರಿಗೆ ಬಂದ ನಮ್ಮಲ್ಲಿ ಅನೇಕರು ಇಂದು ಬೇರೆಯವರ ಕಡತಕ್ಕೆ ಸಹಿ ಹಾಕುವ ಕುರ್ಚಿಯಲ್ಲಿದ್ದೇವೆ. ‘ಶಿಕಾರಿ’ಯನ್ನು ಈಗ ಓದಬೇಕಾದದ್ದು ಆ ಕುರ್ಚಿಯಲ್ಲಿ ಕೂತು.