ಗ್ರೀನ್‌ಲಾ ಚಿತ್ರಗಳಲ್ಲಿ ಇಲ್ಲದವರು

ಹೊರದೇಶದ ಛಾಯಾಗ್ರಾಹಕನೊಬ್ಬ ನಮ್ಮ ನೆಲದ ಚಿತ್ರ ತೆಗೆದಾಗ ನಮ್ಮಲ್ಲಿ ಎರಡು ಪ್ರತಿಕ್ರಿಯೆಗಳು ಮೊದಲೇ ಸಿದ್ಧವಾಗಿರುತ್ತವೆ. ಒಂದು, ನಮಗೇ ಕಾಣದ್ದನ್ನು ಅವನು ಕಂಡನಲ್ಲ ಎಂಬ ಬೆರಗು. ಇನ್ನೊಂದು, ಇದು ವಸಾಹತುಶಾಹಿ ನೋಟ ಎಂಬ ತೀರ್ಪು. ಎರಡಕ್ಕೂ ಚಿತ್ರವನ್ನು ಹೆಚ್ಚು ಹೊತ್ತು ನೋಡಬೇಕಾಗಿಲ್ಲ. ಮದ್ರಾಸ್ ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಹಂಪಿಯ ಚಿತ್ರಗಳನ್ನೂ, ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ 1983ರಲ್ಲಿ ಅದೇ ಜಾಗಗಳಲ್ಲಿ ನಿಂತು ತೆಗೆದ ಚಿತ್ರಗಳನ್ನೂ ಜೊತೆಗಿಟ್ಟು ನೋಡಿದಾಗ ಈ ಎರಡೂ ಸುಲಭದ ದಾರಿಗಳು ಮುಚ್ಚಿಹೋಗುತ್ತವೆ. ಜಾರ್ಜ್ ಮಿಷೆಲ್ ಸಂಪಾದಿಸಿ 2008ರಲ್ಲಿ ಹೊರಬಂದ 'ವಿಜಯನಗರ: ಸ್ಪ್ಲೆಂಡರ್ ಇನ್ ರೂಯಿನ್ಸ್' ಪುಸ್ತಕ ಗ್ರೀನ್‌ಲಾನನ್ನು ಇಂದಿನ ಓದುಗರ ಕೈಗೆ ತಲುಪಿಸಿತು.

ಮೊದಲು ಗ್ರೀನ್‌ಲಾ ಕೆಲಸ ಮಾಡಿದ ರೀತಿಯನ್ನು ನೋಡೋಣ. ಅವನು ಬಳಸಿದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್. ಕಾಗದದ ನೆಗೆಟಿವ್ ಇಂಗ್ಲೆಂಡಿನ ಟಾಲ್ಬಟ್‌ನ ಆವಿಷ್ಕಾರ. ಕಾಗದಕ್ಕೆ ಮೊದಲೇ ಮೇಣ ಹಚ್ಚುವ ಕ್ರಮವನ್ನು ಫ್ರಾನ್ಸಿನ ಗುಸ್ತಾವ್ ಲ ಗ್ರೇ 1851ರ ಹೊತ್ತಿಗೆ ರೂಪಿಸಿದ. ಹೀಗೆ ಸಿದ್ಧಪಡಿಸಿದ ಕಾಗದ ಕೆಲವು ದಿನ ಕೆಡದೆ ಉಳಿಯುತ್ತಿತ್ತು. ಬಿಸಿಲಿನ ದೇಶದಲ್ಲಿ ಅಲೆಯುವವನಿಗೆ ಅದು ದೊಡ್ಡ ಅನುಕೂಲ. ಆದರೆ ಆಗ ಚಿತ್ರವನ್ನು ಹಿಗ್ಗಿಸುವ ರೂಢಿಯಿರಲಿಲ್ಲ. ಚಿತ್ರ ಎಷ್ಟು ದೊಡ್ಡದಾಗಬೇಕೋ ನೆಗೆಟಿವ್ ಅಷ್ಟೇ ದೊಡ್ಡದು, ಅದನ್ನು ಹಿಡಿಯುವ ಕ್ಯಾಮೆರಾ ಇನ್ನೂ ದೊಡ್ಡದು. ಗ್ರೀನ್‌ಲಾನ ನೆಗೆಟಿವ್‌ಗಳು ಒಂದಡಿಗಿಂತ ಹೆಚ್ಚು ಉದ್ದಗಲದವು. ಮರದ ಆ ಪೆಟ್ಟಿಗೆಯನ್ನು ಹಂಪಿಯ ಬಂಡೆಗಳ ನಡುವೆ ಸಾಗಿಸಬೇಕು, ಬೆಳಕು ಗೋಡೆಗೆ ಓರೆಯಾಗಿ ಬೀಳುವವರೆಗೆ ಕಾಯಬೇಕು, ಮಸೂರದ ಮುಚ್ಚಳ ತೆಗೆದು ನಿಮಿಷಗಟ್ಟಲೆ ನಿಲ್ಲಬೇಕು. ಅಪರಿಚಿತ ನಾಡಿನಲ್ಲಿ ಅವನ ದಿನಚರಿ ಇದು. ಕಲ್ಲಿನ ಮೇಲಿನ ಕೆತ್ತನೆ ಅಷ್ಟು ನಿಚ್ಚಳವಾಗಿ ಮೂಡಿರುವುದು ಈ ತಾಳ್ಮೆಯಿಂದ.

ಆ ತಾಳ್ಮೆಗೆ ನಾವು ಋಣಿಗಳು. ವಿಠ್ಠಲ ದೇವಾಲಯದ ಕಲ್ಲಿನ ರಥವನ್ನೇ ತೆಗೆದುಕೊಳ್ಳಿ. ಗ್ರೀನ್‌ಲಾನ ಚಿತ್ರದಲ್ಲಿ ರಥದ ಮೇಲೆ ಇಟ್ಟಿಗೆಯ ಶಿಖರವೊಂದಿದೆ. ಗೊಲಿಂಗ್ಸ್ ಬರುವ ಹೊತ್ತಿಗೆ ಆ ಶಿಖರವಿಲ್ಲ. ನಮ್ಮ ಕಿಸೆಯಲ್ಲಿರುವ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಅಚ್ಚಾಗಿರುವುದೂ ಶಿಖರವಿಲ್ಲದ ರಥವೇ. ರಥ ಹುಟ್ಟಿನಿಂದಲೂ ಹೀಗೇ ಇತ್ತು ಎಂದು ನಂಬಿದವರಿಗೆ 1856ರ ಆ ಒಂದು ಕಾಗದ ಉತ್ತರ ಕೊಡುತ್ತದೆ. ವಸಾಹತುಶಾಹಿ ನೋಟ ಎಂದು ಇಡೀ ಸಂಗ್ರಹವನ್ನು ಪಕ್ಕಕ್ಕೆ ಸರಿಸಿದರೆ ಈ ಸಾಕ್ಷ್ಯವನ್ನೂ ಕಳೆದುಕೊಳ್ಳುತ್ತೇವೆ.

ಆದರೆ ಬೆರಗಿನಲ್ಲೇ ನಿಲ್ಲುವಂತೆಯೂ ಇಲ್ಲ. ಈ ಚಿತ್ರಗಳಲ್ಲಿ ಬಹುಮಟ್ಟಿಗೆ ಮನುಷ್ಯರಿಲ್ಲ. 1856ರಲ್ಲಿ ಹಂಪಿ ಪಾಳುಬಿದ್ದ ರಾಜಧಾನಿ ನಿಜ, ನಿರ್ಜನ ಊರಲ್ಲ. ವಿರೂಪಾಕ್ಷನ ಪೂಜೆ ನಡೆದುಕೊಂಡೇ ಬಂದಿದೆ, ಚೈತ್ರದಲ್ಲಿ ತೇರು ಎಳೆಯುತ್ತಾರೆ, ತುಂಗಭದ್ರೆಯ ಕಾಲುವೆಗಳ ಬದಿಯಲ್ಲಿ ಬೇಸಾಯವಿದೆ. ಈ ಜೀವನವೆಲ್ಲ ಎಲ್ಲಿ ಹೋಯಿತು? ಅರ್ಧ ಉತ್ತರ ತಂತ್ರದಲ್ಲಿದೆ. ಮುಚ್ಚಳ ಅಷ್ಟು ಹೊತ್ತು ತೆರೆದಿದ್ದಾಗ ಎದುರಿನಲ್ಲಿ ನಡೆದುಹೋದವರು ಕಾಗದದ ಮೇಲೆ ಮೂಡುವುದಿಲ್ಲ. ಕಲ್ಲು ಅಲುಗುವುದಿಲ್ಲ, ಉಳಿಯುತ್ತದೆ. ಬದುಕು ಅಲುಗುತ್ತದೆ, ಅಳಿಸಿಹೋಗುತ್ತದೆ. ಉಳಿದರ್ಧ ಉತ್ತರ ಆಯ್ಕೆಯಲ್ಲಿದೆ. ಅದೇ ಕಾಲಕ್ಕೆ ಕಂಪನಿ ಸರಕಾರ ಚಿತ್ರಕಾರರ ಬದಲು ಕ್ಯಾಮೆರಾವನ್ನು ನೆಚ್ಚತೊಡಗಿತ್ತು; ಬಿಜಾಪುರ, ಬಾದಾಮಿ, ಐಹೊಳೆಗಳ ಸ್ಮಾರಕಗಳನ್ನು ಥಾಮಸ್ ಬಿಗ್ಸ್ 1855ರಲ್ಲಿ ತೆಗೆದದ್ದು ಇದೇ ಉತ್ಸಾಹದಲ್ಲಿ. ಅವರಿಗೆ ಬೇಕಾಗಿದ್ದದ್ದು ಕಟ್ಟಡ.

ಆಯ್ಕೆ ಎಂದು ನಾನು ಒತ್ತಿ ಹೇಳುವುದಕ್ಕೆ ಗೊಲಿಂಗ್ಸ್ ಕಾರಣ. 1983ರಲ್ಲಿ ಅವನ ಬಳಿ ಇದ್ದ ಫಿಲ್ಮಿಗೆ ಓಡುವ ಹುಡುಗನನ್ನೂ ಹಿಡಿದು ನಿಲ್ಲಿಸುವ ಶಕ್ತಿಯಿತ್ತು. ಆದರೂ ಆ ಜೋಡಿ ಚಿತ್ರಗಳಲ್ಲಿ ಅವನ ಕಣ್ಣು ಗ್ರೀನ್‌ಲಾನ ಕಣ್ಣನ್ನೇ ಹಿಂಬಾಲಿಸಿತು. ಅವನ ಉದ್ದೇಶ ಹೋಲಿಕೆ. ಯಾವ ಕಲ್ಲು ಬಿತ್ತು, ಯಾವ ಮರ ಬೆಳೆಯಿತು, ಯಾವ ಗೋಡೆಗೆ ಆಸರೆ ಕೊಟ್ಟರು ಎಂದು ತಿಳಿಯಲು ಅದೇ ಜಾಗ, ಅದೇ ಚೌಕಟ್ಟು ಬೇಕೇ ಬೇಕು. ಆ ಮಟ್ಟಿಗೆ ಅವನ ಕೆಲಸ ಪ್ರಾಮಾಣಿಕ. ಆದರೆ ಚೌಕಟ್ಟನ್ನು ಎರವಲು ಪಡೆದಾಗ ಅದರ ಮೌನವೂ ಜೊತೆಗೆ ಬರುತ್ತದೆ. 127 ವರ್ಷಗಳಲ್ಲಿ ಕಲ್ಲಿಗೆ ಏನಾಯಿತು ಎಂಬುದಕ್ಕೆ ಉತ್ತರ ಸಿಗುತ್ತದೆ. ಕಲ್ಲಿನ ನಡುವೆ ಬದುಕಿದವರಿಗೆ ಏನಾಯಿತು ಎಂಬ ಪ್ರಶ್ನೆ ಏಳುವುದೇ ಇಲ್ಲ.

ಆ ಪ್ರಶ್ನೆ ಏಳದಿರುವುದು ಬರೀ ಸೌಂದರ್ಯಶಾಸ್ತ್ರದ ಮಾತಲ್ಲ. 1986ರಲ್ಲಿ ಹಂಪಿ ಯುನೆಸ್ಕೋ ಪಟ್ಟಿಗೆ ಸೇರಿತು. 2011ರ ಜುಲೈಯಲ್ಲಿ ವಿರೂಪಾಕ್ಷ ದೇವಾಲಯದ ಎದುರಿನ ಬಜಾರಿನ ಮನೆ, ಅಂಗಡಿಗಳನ್ನು ಕೆಡವಲಾಯಿತು. ಅಲ್ಲಿನ ಸಾಲುಮಂಟಪಗಳಲ್ಲಿ ಜನ ಬದುಕು ಕಟ್ಟಿಕೊಂಡಿದ್ದರು, ಅದು ಒತ್ತುವರಿಯಾಗಿತ್ತು. ಸ್ಮಾರಕವನ್ನು ಉಳಿಸಬೇಕು ಎಂಬ ವಾದಕ್ಕೆ ತೂಕವಿಲ್ಲವೆಂದು ನಾನು ಹೇಳಲಾರೆ. ಛಾಯಾಚಿತ್ರಗಳು ಮನೆ ಕೆಡವಿದವು ಎಂದೂ ಹೇಳಲಾರೆ. ಆದರೆ ಹಂಪಿ ಎಂದರೆ ಖಾಲಿ ಬಯಲು, ಕಲ್ಲು ಮತ್ತು ಆಕಾಶ ಎಂದು ನಮ್ಮ ಕಣ್ಣನ್ನು ಒಂದೂವರೆ ಶತಮಾನ ಪಳಗಿಸಿದ ಮೇಲೆ, ಅಲ್ಲಿ ಚಹಾ ಕಾಸುವವಳು ಚಿತ್ರ ಕೆಡಿಸುವವಳಾಗಿ ಕಾಣತೊಡಗುತ್ತಾಳೆ. ಅವಳನ್ನು ಎಬ್ಬಿಸುವುದು ಚೌಕಟ್ಟನ್ನು ಶುಚಿ ಮಾಡಿದಷ್ಟೇ ಸಹಜ ಅನ್ನಿಸುತ್ತದೆ.

ಹಾಗಾದರೆ ಜನರನ್ನು ಚಿತ್ರದೊಳಗೆ ತಂದರೆ ಸಾಕೇ? ಸಾಲದು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಬಂದ 'ದ ಪೀಪಲ್ ಆಫ್ ಇಂಡಿಯಾ'ದಲ್ಲಿ ತುಂಬಿರುವುದು ಜನರೇ. ಆದರೆ ಅಲ್ಲಿನ ಮುಖಗಳು ಹೆಚ್ಚಾಗಿ ಜಾತಿಗೆ, ಬುಡಕಟ್ಟಿಗೆ, ಕಸುಬಿಗೆ ಮಾದರಿಗಳು. ಮುಖವಿದ್ದೂ ಮನುಷ್ಯ ಕಾಣೆಯಾಗುವ ಬಗೆ ಇದು. ಮೈಸೂರಿನ ಟಿ. ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಇವುಗಳ ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಟ್ಟನೆ ತಿಳಿಯುತ್ತದೆ. ಅವರ ಕಣ್ಣು ಹೋದದ್ದು ಸಾಮಾನ್ಯ ಜನರ ಸಾಮಾನ್ಯ ದಿನಗಳ ಕಡೆಗೆ.

ಇದರಿಂದ ನಮ್ಮವರ ಕಣ್ಣೇ ಸರಿ, ಹೊರಗಿನವರದು ತಪ್ಪು ಎಂಬಲ್ಲಿಗೆ ಬರಬಹುದೇ? ಅಲೆವೂರಿನಲ್ಲಿ ಕುಳಿತು ಹಾಗೆ ಬರೆಯುವುದು ನನಗೆ ಕಷ್ಟ. ಇಲ್ಲೇ ಹತ್ತಿರ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋದವರು ಕುಂಜೂರಿನ ಚೌಕಿಮನೆಯನ್ನೂ ಕುಕನೂರಿನ ಕಮಲ ಮಹಲನ್ನೂ ನೋಡಿರುತ್ತಾರೆ. ವಿಜಯನಾಥ ಶೆಣೈ ಅವರು ಬಿಚ್ಚಿ ತಂದು ಮತ್ತೆ ಜೋಡಿಸದಿದ್ದರೆ ಆ ಮರಗೆಲಸ ಉಳಿಯುತ್ತಿರಲಿಲ್ಲ. ಆದರೂ ಆ ಚಾವಡಿಗಳಲ್ಲಿ ನಿಂತಾಗ ಗ್ರೀನ್‌ಲಾನ ಚಿತ್ರದೊಳಗೆ ನಿಂತ ಹಾಗಾಗುತ್ತದೆ. ಕಂಬ ಇದೆ, ಅಂಗಳ ಇದೆ, ಅಡುಗೆಮನೆಯ ಹೊಗೆ ಇಲ್ಲ. ಇದು ನಮ್ಮವರೇ, ಪ್ರೀತಿಯಿಂದಲೇ ಮಾಡಿದ ಕೆಲಸ. ಉಳಿಸುವ ಆಸೆಗೂ ಖಾಲಿ ಮಾಡುವ ಅಭ್ಯಾಸಕ್ಕೂ ನಂಟಿದೆ. ಅದಕ್ಕೆ ಪಾಸ್‌ಪೋರ್ಟಿನ ಹಂಗಿಲ್ಲ.

ಕೋಲದ ದಿನಗಳಲ್ಲಿ ನಮ್ಮೂರ ಕಡೆ ಕ್ಯಾಮೆರಾ ಹಿಡಿದವರು ಬರುತ್ತಾರೆ. ಕೆಲವರು ಹೊರದೇಶದವರು, ಹೆಚ್ಚಿನವರು ನಮ್ಮವರೇ. ಮುಖಕ್ಕೆ ಬಣ್ಣ ಬರೆಯುವುದು, ಅಣಿ ಕಟ್ಟುವುದು, ಗಗ್ಗರ ತೊಡುವುದು, ದೀವಟಿಗೆಯ ಬೆಳಕು, ಎಲ್ಲವೂ ಚಿತ್ರವಾಗುತ್ತದೆ. ಆಮೇಲೆ ಅಡಿಬರಹದಲ್ಲಿ ದೈವದ ಹೆಸರು ಇರುತ್ತದೆ, ಊರಿನ ಹೆಸರು ಇರುತ್ತದೆ, ಛಾಯಾಗ್ರಾಹಕನ ಹೆಸರಂತೂ ಇದ್ದೇ ಇರುತ್ತದೆ. ದೈವಕ್ಕೆ ಮೈಕೊಟ್ಟ ನಲಿಕೆಯವರ, ಪಂಬದರ, ಪರವರ ಮನೆಯ ಆ ಮನುಷ್ಯನ ಹೆಸರು ಎಷ್ಟು ಸಲ ಇರುತ್ತದೆ?

ಗೊಲಿಂಗ್ಸ್‌ನಲ್ಲಿ ನಾನು ಮೆಚ್ಚುವ ಗುಣ, ಅವನು ಒಮ್ಮೆ ಬಂದು ಹೋದವನಲ್ಲ ಎಂಬುದು. ಮಿಷೆಲ್ ಮತ್ತು ಜಾನ್ ಫ್ರಿಟ್ಜ್ ಅವರ ಹಂಪಿ ಅಧ್ಯಯನದ ಜೊತೆ ಮತ್ತೆ ಮತ್ತೆ ಬಂದ, ತನಗಿಂತ ಹಿಂದೆ ಬಂದವನು ನಿಂತ ಜಾಗವನ್ನು ಹುಡುಕಿ ನಿಂತ. ಅದೇ ಶ್ರದ್ಧೆಯಿಂದ ಯಾರಾದರೂ ಇನ್ನೊಂದು ಜೋಡಿ ಚಿತ್ರ ತೆಗೆಯಬಹುದು: ಬಜಾರಿನಲ್ಲಿ ಅಂಗಡಿಯಿಟ್ಟಿದ್ದವರು ಅಂದು ಅಲ್ಲಿ, ಇಂದು ಎಲ್ಲಿದ್ದಾರೋ ಅಲ್ಲಿ, ಕೆಳಗೆ ಅವರ ಹೆಸರಿನ ಸಮೇತ. ಅದನ್ನು ತೆಗೆಯುವವರು ಮೆಲ್ಬರ್ನಿನಿಂದ ಬಂದರೂ ಸರಿ, ಹೊಸಪೇಟೆಯಿಂದ ಬಂದರೂ ಸರಿ.