ಶಾಸನಪಾಠವೂ ಸಹಸಂಶೋಧನೆಯೂ

ಕಲ್ಯಾಣಕ್ಕೆ ಸಮೀಪದ ಅಂಬರನಾಥದ ಶಿವಾಲಯದಲ್ಲಿ ಒಂದು ಶಿಲಾಶಾಸನವಿದೆ. ಅದರ ವರ್ಷವನ್ನು ಡಾ. ಭಾವೂ ದಾಜಿಯವರು ಮೊದಲು ಶಕ 782 ಎಂದು ಓದಿದರು. ಪಂಡಿತ ಭಗವಾನ್‌ಲಾಲ್ ಇಂದ್ರಜಿಯವರು ಮತ್ತೆ ಪರಿಶೀಲಿಸಿ 982 ಎಂದು ತಿದ್ದಿದರು. ವ್ಯತ್ಯಾಸ ಒಂದೇ ಅಂಕೆಯದು. ಆದರೆ ಅಂತರ ಇನ್ನೂರು ವರ್ಷಗಳದು. ಮೊದಲ ಓದೇ ನಿಂತಿದ್ದರೆ ಈ ಶಾಸನವು ಕ್ರಿ.ಶ. 860ರದು, ಅಂದರೆ ಅಮೋಘವರ್ಷ ನೃಪತುಂಗನ ಕಾಲದ್ದಾಗುತ್ತಿತ್ತು. ತಿದ್ದಿದ ಪಾಠದಿಂದ ಅದು 1060ರದೆಂದು, ಚಾಲುಕ್ಯ ಒಂದನೆಯ ಸೋಮೇಶ್ವರನ ಸಮಕಾಲೀನನಾದ ಶಿಲಾಹಾರ ಮುಮ್ಮುಣಿಯ ಕಾಲದ್ದೆಂದು ಸ್ಥಿರಪಟ್ಟಿತು. ಎರಡು ಪಾಠಗಳೂ ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಯಲ್ಲಿಯೇ ಪ್ರಕಟವಾದುವೆಂಬುದು ಗಮನಾರ್ಹ. ಮೊದಲಿನವರ ಪಾಠ ಎಲ್ಲರ ಕೈಗೆ ಸಿಕ್ಕುವಂತಿದ್ದುದರಿಂದಲೇ ಎರಡನೆಯವರ ತಿದ್ದುಪಡಿ ಸಾಧ್ಯವಾಯಿತು.

ಸಂಶೋಧನೆಯ ಸಾಮಗ್ರಿಯನ್ನು ಕೂಡಿಟ್ಟು ಹಂಚಿಕೊಳ್ಳುವುದೆಂದರೆ ಇದೇ. ಆದರೆ ಈ ನೀತಿ ಎಲ್ಲೆಡೆ ನಡೆದು ಬಂದಿಲ್ಲ. 1787ರಲ್ಲಿ ಠಾಣೆಯಲ್ಲಿ ದೊರೆತ ಅರಿಕೇಸರಿಯ ತಾಮ್ರಶಾಸನದ ಅನುವಾದ ಮರುವರ್ಷವೇ ಕಲಕತ್ತೆಯಲ್ಲಿ ಅಚ್ಚಾಯಿತು. ಬಳಿಕ ದೊರೆತ ಶಿಲಾಹಾರ ಶಾಸನಗಳು ಹಲವು ಪತ್ರಿಕೆಗಳಲ್ಲಿ ಚದುರಿದ್ದುವು. ವಾ. ವಿ. ಮಿರಾಶಿಯವರ ಸಂಪುಟ ಅವನ್ನು ಒಂದೆಡೆ ಸೇರಿಸಿದ್ದು 1977ರಲ್ಲಿ. ಅಷ್ಟರಲ್ಲಿ ಸುಮಾರು ನೂರ ತೊಂಬತ್ತು ವರ್ಷಗಳೇ ಕಳೆದಿದ್ದುವು.

ಕನ್ನಡದ ಶಾಸನಗಳು ಈ ಮಾತಿನಲ್ಲಿ ಭಾಗ್ಯವಂತವಾದುವು. ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡು ಸಂಪುಟಗಳನ್ನು ಹೊರತಂದರು. ತಾಲ್ಲೂಕಿನ ಹೆಸರು, ಅದರ ಮುಂದೆ ಒಂದು ಸಂಖ್ಯೆ: ಇಷ್ಟು ಸರಳವಾದ ಸೂಚಿಯಿಂದ ಯಾವ ಊರಿನ ವಿದ್ವಾಂಸನೂ ಮತ್ತೊಬ್ಬನ ಆಧಾರವನ್ನು ಪರೀಕ್ಷಿಸಬಹುದಾಯಿತು. ಮೈಸೂರು ವಿಶ್ವವಿದ್ಯಾನಿಲಯವು 1972ರಿಂದ ಹೊರತಂದ ಪರಿಷ್ಕೃತ ಆವೃತ್ತಿ ಪಾಠಗಳನ್ನು ತಿದ್ದಿತು, ಹೊಸ ಶಾಸನಗಳನ್ನು ಕೂಡಿಸಿತು. ಅದರ ಜೊತೆಗೆ ಸಂಖ್ಯೆಗಳೂ ಬದಲಾದುವು. ಹಳೆಯ ಸಂಖ್ಯೆಯನ್ನು ನಂಬಿ ಬರೆದ ನೂರಾರು ಪ್ರಬಂಧಗಳನ್ನು ಈಗ ಓದುವವನು ಎರಡು ಆವೃತ್ತಿಗಳನ್ನೂ ಎದುರಿಗಿಟ್ಟುಕೊಳ್ಳಬೇಕಾಗಿದೆ. ಪಾಠವನ್ನು ತಿದ್ದುವುದು ವಿದ್ವತ್ತು. ಹಳೆಯ ಗುರುತನ್ನು ಹೊಸದರ ಜೊತೆಗೆ ಉಳಿಸುವುದು ಸೌಜನ್ಯ. ಎರಡೂ ಬೇಕು.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಕೈಗೊಂಡ ಕಾರ್ಯ ಈ ದಿಸೆಯಲ್ಲಿ ಮುಂದಿನ ಹೆಜ್ಜೆ. ಶಾಸನಗಳನ್ನು ಹುಡುಕಿ, ಅವುಗಳ ಮೂರು ಆಯಾಮದ ಪ್ರತಿಕೃತಿಯನ್ನು ಯಂತ್ರದಿಂದ ತೆಗೆದು ಸಾರ್ವಜನಿಕರಿಗೆ ಒದಗಿಸುವ ಈ ಕೆಲಸದಲ್ಲಿ ಶಾಸನತಜ್ಞರಲ್ಲದವರೂ ಭಾಗಿಗಳು. ಇದರ ಹಿರಿಮೆ ಯಂತ್ರದಲ್ಲಿಲ್ಲ. ಕಲ್ಲು ನಾಶವಾದರೂ ಓದನ್ನು ಪ್ರಶ್ನಿಸುವ ಹಕ್ಕು ಮುಂದಿನವರಿಗೆ ಉಳಿಯುವುದರಲ್ಲಿದೆ. ಆದರೆ ಪ್ರತಿಕೃತಿಯೇ ಪಾಠವಲ್ಲ. ಲಿಪಿಯನ್ನೂ ಭಾಷೆಯನ್ನೂ ಬಲ್ಲವರು ಜೊತೆಗೂಡದಿದ್ದರೆ ಸಂಗ್ರಹ ಬೆಳೆದೀತು, ಅರ್ಥ ಬೆಳೆಯದು.

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲಸಿದ ಕನ್ನಡಿಗರಿಗೆ ಈ ವಿಷಯ ದೂರದ್ದಲ್ಲ. ಕತ್ತೆಯ ಶಾಪಚಿತ್ರವುಳ್ಳ ದಾನಶಿಲೆಗಳು, ಅಂದರೆ ಇಲ್ಲಿಯವರು ಗಧೇಗಾಳ ಎನ್ನುವ ಕಲ್ಲುಗಳು, ಈ ಸೀಮೆಯಲ್ಲಿ ಅಲ್ಲಲ್ಲಿ ಕಾಣಸಿಗುತ್ತವೆ. ಊರು ಬೆಳೆದಂತೆ ಅವು ಮಣ್ಣುಪಾಲಾಗುವ ಭಯವೂ ಬೆಳೆಯುತ್ತದೆ. ಅವನ್ನು ಗುರುತಿಸಲು ಮರಾಠಿ ವಿದ್ವಾಂಸರೊಡನೆ ಕೈಗೂಡಿಸುವುದು ಕನ್ನಡ ಸಂಘಗಳಿಗೆ ಉಚಿತವಾದ ಕಾರ್ಯ. ಆದರೆ ಅಭಿಮಾನ ಆಧಾರವನ್ನು ಮೀರಬಾರದು. ಕೊಲ್ಲಾಪುರದ ಶಿಲಾಹಾರರು ಕನ್ನಡದಲ್ಲಿ ಶಾಸನ ಬರೆಯಿಸಿದರು. ಉತ್ತರ ಕೊಂಕಣದವರ ಶಾಸನಗಳು ಬಹುಮಟ್ಟಿಗೆ ಸಂಸ್ಕೃತದವು. ಚಾಲುಕ್ಯರ ರಾಜಧಾನಿಯಾದ ಕಲ್ಯಾಣ ಇಂದಿನ ಬಸವಕಲ್ಯಾಣ. ಕಣ್ಹೇರಿಯ ದಾನಿಗಳ ಊರಾದ ಕಲ್ಯಾಣ ಉಲ್ಹಾಸ ನದಿಯ ದಡದ್ದು. ಸೂಚಿಯಲ್ಲಿ ಇವೆರಡನ್ನೂ ಒಂದೇ ಹೆಸರಿನ ಕೆಳಗೆ ಬರೆದವನು ಎರಡು ಇತಿಹಾಸಗಳನ್ನು ಒಟ್ಟಿಗೇ ಕೆಡಿಸುತ್ತಾನೆ.

ಅಂಬರನಾಥದ ಪಾಠ ಇದನ್ನೇ ಹೇಳುತ್ತದೆ. ತಪ್ಪಾದುದು ವಿದ್ವಾಂಸನಿಗೆ ಅವಮಾನವಲ್ಲ. ತಪ್ಪನ್ನು ಕಾಣಲು ಇತರರಿಗೆ ಎಡೆಯಿಲ್ಲದಂತೆ ಆಧಾರವನ್ನು ಬಚ್ಚಿಡುವುದೇ ವಿದ್ಯೆಗೆ ಅಪಚಾರ.