ಕೆಳಗಿನಿಂದ ಮೇಲಕ್ಕೆ: ವೀರಗಲ್ಲಿನ ವ್ಯಾಖ್ಯಾನ

ವೀರಗಲ್ಲು ಎಂಬುದು ಸಮಾಸಪದ. ವೀರನ ಕಲ್ಲು ಎಂದು ಅದನ್ನು ಬಿಡಿಸಬೇಕು. ಉತ್ತರಪದದ ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಬೀರಗಲ್ ಎಂಬ ರೂಪವೂ ಶಾಸನಗಳಲ್ಲಿ ಉಂಟು. ಅಲ್ಲಿ ಬೀರ ಎಂಬುದು ವೀರ ಶಬ್ದದ ತದ್ಭವ. ಗೆದ್ದು ಮನೆಗೆ ಮರಳಿದವನೂ ವೀರನೇ, ಆದರೆ ಅವನಿಗೆ ಈ ಕಲ್ಲಿಲ್ಲ. ಕಾದಿ ಮಡಿದವನಿಗೆ ಮಾತ್ರ ಉಂಟು. ಆದುದರಿಂದ ಈ ಸಮಾಸದಲ್ಲಿ ‘ಮಡಿದ’ ಎಂಬ ಪದವನ್ನು ಅಧ್ಯಾಹಾರ ಮಾಡಿಕೊಳ್ಳಬೇಕು, ಎಂದರೆ ಹೇಳದೆ ಬಿಟ್ಟುದನ್ನು ಹೊರಗಿನಿಂದ ತಂದು ಸೇರಿಸಿಕೊಳ್ಳಬೇಕು.

ಇನ್ನು ಓದುವ ಕ್ರಮ. ತಾಳೆಗರಿಯನ್ನೂ ತಾಮ್ರಪಟವನ್ನೂ ಮೇಲಿನಿಂದ ಕೆಳಕ್ಕೆ ಓದುತ್ತಾರೆ. ವೀರಗಲ್ಲಿನ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅಡಿಯ ಹಲಗೆಯಲ್ಲಿ ಕಾಳಗ, ನಡುವಿನದರಲ್ಲಿ ಪಯಣ, ಮೇಲಿನದರಲ್ಲಿ ದೇವಸನ್ನಿಧಿ. ಹಲಗೆಯೆಂದರೆ ಇಲ್ಲಿ ಮರದ್ದಲ್ಲ, ಕಲ್ಲಿನಲ್ಲೇ ಕೊರೆದ ಪಟ್ಟಿಕೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ಈ ಓದಿಗೆ ಒಂದು ತೊಡಕುಂಟು. ಇದು ಎರೆಭೂಮಿ, ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕಾಲು ಸಿಕ್ಕಿಕೊಳ್ಳುವಷ್ಟು ಬಿರಿಯುತ್ತದೆ. ಅಂಥ ನೆಲದಲ್ಲಿ ನಿಂತ ಕಲ್ಲು ಒಂದು ಮಗ್ಗುಲಿಗೆ ವಾಲಿ, ವರುಷ ವರುಷಕ್ಕೂ ತುಸುತುಸು ಇಳಿಯುತ್ತದೆ. ಮೊದಲು ಮಣ್ಣಾಗುವುದು ಕಾಳಗದ ಹಲಗೆ. ಅಗಸಿಯ ಬಳಿ, ಎಂದರೆ ಊರ ಹೆಬ್ಬಾಗಿಲ ಬಳಿ, ಹಾಗೆ ಹೂತ ಕಲ್ಲನ್ನು ನೋಡುವವನಿಗೆ ಕಾಣುವುದು ಸ್ವರ್ಗವೊಂದೇ. ಯಾವುದರಿಂದ ಆ ಸ್ವರ್ಗ ಬಂದಿತೆಂಬುದನ್ನು ತಿಳಿಯಲು ಗೇಣುದ್ದ ಮಣ್ಣು ತೆಗೆಯಬೇಕು.

ಅಡಿಯ ಹಲಗೆ. ಇದರಲ್ಲಿ ವೀರನು ಉಳಿದವರಿಗಿಂತ ದೊಡ್ಡವನಾಗಿರುವನು. ಶಿಲ್ಪಿಗೆ ಅಳತೆ ತಿಳಿಯದೆ ಹಾಗಾಯಿತೆಂದು ಬಗೆಯಬಾರದು. ಯಾರ ಕಥೆಯೋ ಅವನೇ ದೊಡ್ಡವನು ಎಂಬುದು ಇಲ್ಲಿಯ ಅಳತೆ. ಕೈಯಲ್ಲಿ ಕತ್ತಿ ಗುರಾಣಿ, ಇಲ್ಲವೇ ಬಿಲ್ಲು, ಎದುರಿಗೆ ಹಗೆಗಳು, ಬಹಳ ಕಲ್ಲುಗಳಲ್ಲಿ ಒಂದು ಮೂಲೆಗೆ ಹಸುಗಳ ಸಾಲು. ಹಸುಗಳೇಕೆ ಎಂದರೆ, ತುಱುಗೊಳ್ ಎಂಬ ಶಾಸನಪದವೇ ಉತ್ತರ. ತುಱು ಎಂದರೆ ದನ, ಕೊಳ್ ಎಂದರೆ ಹಿಡಿದೊಯ್ಯುವುದು. ಪೆಣ್ಬುಯ್ಯಲ್ ಎಂಬುದು ಇನ್ನೊಂದು ಕಾರಣ: ಪೆಣ್ ಎಂದರೆ ಹೆಣ್ಣು, ಪುಯ್ಯಲ್ ಎಂದರೆ ಮೊರೆ, ಹೆಂಗಸರ ಕೂಗು ಕೇಳಿ ಓಡಿಹೋಗಿ ಕಾದಿದವನ ಕಲ್ಲು ಅದು. ಊರಳಿವು, ಗಡಿಗಾಳಗ ಎಂಬವು ಹೇಳಿದರೆ ತಿಳಿಯುವಂಥವು.

ಇಲ್ಲಿ ಶಂಕೆಯೊಂದುಂಟು. ರಾಜರ ಮಹಾಯುದ್ಧಗಳಿರಲು ದನಕ್ಕಾಗಿ ಸತ್ತವನಿಗೆ ಕಲ್ಲೇಕೆ? ಮುದ್ದೇಬಿಹಾಳದ ಕಡೆ ಕೃಷ್ಣೆಯ ದಂಡೆಯ ರಕ್ಕಸಗಿ, ತಂಗಡಗಿಗಳ ಹೆಸರು ಕೂಡಿ ರಕ್ಕಸತಂಗಡಿಯ ಯುದ್ಧವೆಂದಾಯಿತು. 1565ರ ಜನವರಿ 23ರ ಆ ಕಾಳಗದಿಂದ ವಿಜಯನಗರವೇ ಪಾಳುಬಿದ್ದಿತು. ಅಂಥದರ ಮುಂದೆ ಹತ್ತು ಹಸುಗಳು ಯಾವ ಲೆಕ್ಕ? ಸಮಾಧಾನ: ರಾಜನ ಯುದ್ಧವನ್ನು ಬರೆಯಲು ಆಸ್ಥಾನವುಂಟು, ಕವಿಯುಂಟು. ಊರ ದನವನ್ನು ಮರಳಿಸಿ ಸತ್ತವನನ್ನು ಬರೆಯಲು ಊರೇ ಬೇಕು. ವೀರಗಲ್ಲು ಊರಿನ ಬರಹ. ಹಾಗೆಂದು ರಾಜರ ಯುದ್ಧ ಇದರಲ್ಲಿ ಬರುವುದೇ ಇಲ್ಲವೆಂದಲ್ಲ. 949–50ರ ಆತಕೂರಿನ ಕಲ್ಲು ತಕ್ಕೋಲದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ನಡೆದ ಕಾಳಗವನ್ನು ಹೇಳುತ್ತದೆ. ಆದರೆ ಕಲ್ಲು ನಿಂತಿರುವುದು ಒಂದು ನಾಯಿಗಾಗಿ. ಕೃಷ್ಣನ ಕಡೆ ಕಾದಿದ ಗಂಗರಸ ಬೂತುಗನ ಸೇವಕ ಮಣಲೆರನು ಆ ಕಾಳಗದ ಪರಾಕ್ರಮಕ್ಕೆ ಒಡೆಯನಿಂದ ಮೆಚ್ಚಾಗಿ, ಎಂದರೆ ಬಹುಮಾನವಾಗಿ, ಬೇಡಿ ಪಡೆದದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಕಾದಿ ಹಂದಿಯೂ ತಾನೂ ಸತ್ತಿತು. ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಪೂಜೆಗೆ ಗೊರವನನ್ನು, ಎಂದರೆ ಶೈವ ಪೂಜಾರಿಯನ್ನು, ನೇಮಿಸಿದರು. ತಕ್ಕೋಲದ ವಾರ್ತೆ ನಾಯಿಯ ಬೆನ್ನೇರಿ ನಮ್ಮವರೆಗೆ ಬಂದಿತೆನ್ನಬಹುದು.

ಹಲಗೆಗಳ ನಡುವಣ ಪಟ್ಟಿಯಲ್ಲಿ ಬರಹವಿರುವುದು. ಅದಕ್ಕೆ ಹಿನ್ನೆಲೆಯಾದ ಒಂದು ಮಾತನ್ನು ಇಲ್ಲಿ ನಿಂತು ನೋಡಬೇಕು: ಜೋಳವಾಳಿ. ಜೋಳ, ಪಾಳಿ ಎಂಬ ಎರಡು ಪದ ಸೇರಿ ಪಕಾರಕ್ಕೆ ವಕಾರ ಬಂದಿದೆ. ಪಾಳಿ ಎಂದರೆ ಕ್ರಮ, ತಪ್ಪದೆ ನಡೆಯಬೇಕಾದ ಧರ್ಮ. ಉಂಡ ಜೋಳಕ್ಕೆ ತಕ್ಕಂತೆ ನಡೆಯುವುದು ಜೋಳವಾಳಿ. ಒಡೆಯನು ಅಳೆದುಕೊಟ್ಟ ಕಾಳಿನ ಋಣವನ್ನು ಕಾಳಗದಲ್ಲಿ ತೀರಿಸುವುದೆಂದು ತಾತ್ಪರ್ಯ. ಉತ್ತರದ ಭಾಷೆಗಳಲ್ಲಿ ಇದೇ ಋಣವನ್ನು ಉಪ್ಪಿನ ಹೆಸರಿನಿಂದ ಹೇಳುವರು. ಉಪ್ಪಿನ ಋಣವೆಂಬ ಮಾತು ಕನ್ನಡದಲ್ಲಿಯೂ ಇದೆ. ಆದರೆ ಹಳಗನ್ನಡದ ಕಾವ್ಯವೂ ಶಾಸನವೂ ಜೋಳವನ್ನೇ ಹಿಡಿದವು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ಈ ಡೋಣಿ ಹೊಳೆಯ ಸೀಮೆಗೆ ಈ ಪದದ ಅರ್ಥವನ್ನು ಬಿಡಿಸಿ ಹೇಳಬೇಕಾದುದಿಲ್ಲ; ಬರಿಯ ಉಪ್ಪಿನಿಂದ ಹೊಟ್ಟೆ ತುಂಬದು, ರೊಟ್ಟಿಯಿಂದ ತುಂಬುವುದು. ಋಣವೂ ಆ ಪ್ರಮಾಣದ್ದು.

ನಡುವಿನ ಹಲಗೆ. ಇಬ್ಬರು ಸುರಾಂಗನೆಯರು, ಎಂದರೆ ದೇವಲೋಕದ ಹೆಂಗಳು, ವೀರನ ಎರಡೂ ತೋಳುಗಳನ್ನು ಹಿಡಿದು ಮೇಲಕ್ಕೆ ಒಯ್ಯುವರು. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ, ಕ್ಷಣದಲ್ಲಿ ಅಳಿವ ಒಡಲಿಗೆ ರಣದಲ್ಲಿ ಚಿಂತೆಯೇಕೆ ಎಂಬ ಅರ್ಥದ ಸಂಸ್ಕೃತ ಶ್ಲೋಕವೊಂದನ್ನು ಅನೇಕ ಕಲ್ಲುಗಳಲ್ಲಿ ಕೊರೆದಿರುವರು. ಈ ಶ್ಲೋಕದ ಲೆಕ್ಕದಲ್ಲಿ ಮನೆಯಲ್ಲಿ ಉಳಿದವಳು ಬರುವುದಿಲ್ಲ. ಅವಳ ಲೆಕ್ಕ ಬೇರೆ ಕಲ್ಲಿನಲ್ಲಿದೆ: ಮಾಸ್ತಿಗಲ್ಲಿನ ಮೇಲೆ ಕಂಬದಿಂದ ಚಾಚಿದ, ಬಳೆ ತೊಟ್ಟ ಒಂದು ಕೈ. ಮಾಸ್ತಿ ಎಂಬುದು ಮಹಾಸತಿ ಶಬ್ದದ ರೂಪ, ಎಂದರೆ ಗಂಡನ ಚಿತೆಯೇರಿದವಳು. ಎರಡು ಕಲ್ಲುಗಳನ್ನೂ ಒಟ್ಟಿಗೆ ಇಟ್ಟು ಓದದೆ ನಡುವಿನ ಹಲಗೆಯ ಅರ್ಥ ಪೂರ್ತಿಯಾಗದು. ಇಂದಿನ ಸ್ಮಾರಕಗಳಲ್ಲಿ ಸುರಾಂಗನೆಯರಿಲ್ಲ. ಅವರ ಎಡೆಯಲ್ಲಿ ಬಂದುದು ತಲೆಕೆಳಗಾಗಿ ನೆಟ್ಟ ಬಂದೂಕು, ಅದರ ಹಿಡಿಯ ಮೇಲೆ ಶಿರಸ್ತ್ರಾಣ. ದಿಲ್ಲಿಯ ಇಂಡಿಯಾ ಗೇಟಿನ ಅಡಿಯಲ್ಲಿ 1972ರ ಜನವರಿ 26ರಂದು ಲೋಕಾರ್ಪಣೆಯಾದ ಅಮರ ಜವಾನ್ ಜ್ಯೋತಿಯಲ್ಲಿ ಕಂಡ ರೂಪ. ಒಯ್ಯುವವರು ಹೋಗಿ, ಬಿಟ್ಟುಹೋದ ವಸ್ತು ಉಳಿಯಿತು.

ಮೇಲಿನ ಹಲಗೆಯಲ್ಲಿ ಶಿವಲಿಂಗ, ಬಸವ, ಪೂಜಿಸುವ ಅರ್ಚಕ. ಮಗ್ಗುಲಲ್ಲಿ ಕೈಮುಗಿದು ಕುಳಿತ ವೀರ. ಜೈನನಾದರೆ ಲಿಂಗದ ಎಡೆಯಲ್ಲಿ ಜಿನಬಿಂಬ. ಕೆಳಗೆ ಎಲ್ಲರಿಗಿಂತ ದೊಡ್ಡವನಾಗಿದ್ದವನು ಇಲ್ಲಿ ಭಕ್ತನ ಅಳತೆಗೆ ಇಳಿದಿರುವನು. ನೆತ್ತಿಯಲ್ಲಿ ಸೂರ್ಯ ಚಂದ್ರ: ಆಚಂದ್ರಾರ್ಕ, ಎಂದರೆ ಚಂದ್ರನೂ ಅರ್ಕನೂ ಇರುವವರೆಗೆ.

ಬರಹದ ತುದಿಯಲ್ಲಿ ಕೆಲವೆಡೆ ನೆತ್ತರುಗೊಡಗೆ ಎಂಬ ಪದ ಬರುವುದು. ನೆತ್ತರಿಗಾಗಿ ಕೊಟ್ಟ ಕೊಡುಗೆ. ಮಡಿದವನ ಮನೆಯವರಿಗೆ ಬಿಟ್ಟ ಭೂಮಿ. ಬಾಳ್ಗೞ್ಚು ಎಂಬುದೂ ಅಂಥದೇ: ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ, ಕತ್ತಿ ತೊಳೆದು ಕೊಟ್ಟ ದತ್ತಿ. ಕಲ್ಲು ಸತ್ತವನಿಗೆ, ಹೊಲ ಉಳಿದವರಿಗೆ. ಹೊಲವಿಲ್ಲದೆ ಕಲ್ಲನ್ನಷ್ಟೇ ನೆಡುವುದು ಅಗ್ಗವೆಂಬುದನ್ನು ಆ ಕಾಲದವರು ಅರಿತಿದ್ದರು.

ಕಡೆಯ ಪದ ‘ನಿಱಿಸಿದಂ’. ನಿಱಿಸು ಎಂದರೆ ನಿಲ್ಲಿಸು, ಸ್ಥಾಪಿಸು. ಮಗ, ತಮ್ಮ, ಹೆಂಡತಿ, ಒಡನಾಡಿ, ಗಾವುಂಡ, ಎಂದರೆ ಊರ ಗೌಡ, ಇವರಲ್ಲಿ ಯಾರು ನಿಲ್ಲಿಸಿದರೋ ಅವರ ಹೆಸರು ಈ ಕ್ರಿಯಾಪದಕ್ಕೆ ಕರ್ತೃ. ಸತ್ತವನ ಹೆಸರಿನೊಡನೆ ನೆನೆದವನ ಹೆಸರೂ ಬೇಕೆಂಬುದು ಈ ಬರಹದ ವ್ಯಾಕರಣ. ಮೊದಲನೆಯ ಮಹಾಯುದ್ಧದ ತರುವಾಯ ಮುಂಬಯಿ ಪ್ರಾಂತದ ಹಳ್ಳಿಗಳಲ್ಲಿ ಸರಕಾರ ಹಾಕಿಸಿದ ಫಲಕಗಳಲ್ಲಿ ಈ ವ್ಯಾಕರಣ ಮುರಿಯಿತು. ಈ ಊರಿನಿಂದ ಇಷ್ಟು ಮಂದಿ ಹೋದರು, ಅವರಲ್ಲಿ ಇಷ್ಟು ಮಂದಿ ಸತ್ತರು ಎಂಬ ಎರಡು ಅಂಕಿಗಳಷ್ಟೇ ಅವುಗಳಲ್ಲಿ. ಹೋದವನ ಹೆಸರಿಲ್ಲ, ನಿಲ್ಲಿಸಿದವನ ಹೆಸರಿಲ್ಲ. ವೀರಗಲ್ಲಿಗೆ ಎಣ್ಣೆ ಹಚ್ಚಿ ಪೂಜಿಸುವರು, ಅಂಕಿಗೆ ಎಣ್ಣೆ ಹಚ್ಚುವವರಾರು?

ಮುರಿದ ವ್ಯಾಕರಣ ಮತ್ತೆ ಕೂಡಿದ್ದನ್ನು ನೋಡಬೇಕಾದರೆ ಮಡಿಕೇರಿಗೆ ಹೋಗಬೇಕು. ಜನರಲ್ ಕೆ.ಎಸ್. ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಬಹುಕಾಲ ಸಾರಿಗೆ ಇಲಾಖೆಯ ಕಚೇರಿಯಾಗಿತ್ತು. 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿ, 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿರುವಾಗಲೇ ತೀರಿಕೊಂಡವರ ಮನೆಯಲ್ಲಿ ವಾಹನಗಳ ಕಾಗದಪತ್ರದ ಕೆಲಸ ನಡೆಯುತ್ತಿತ್ತು. ಅದು ಸ್ಮಾರಕವಾಗಬೇಕೆಂದು ಪಟ್ಟುಹಿಡಿದವರು ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಮತ್ತು ಜನರಲ್ ತಿಮ್ಮಯ್ಯ ಫೋರಂ ಎಂದು ಕೂಡಿಕೊಂಡ ನಿವೃತ್ತ ಸೈನಿಕರು. ಹಣ ಸರಕಾರದ್ದು, ಬೆನ್ನುಹತ್ತಿ ತಿರುಗಿದ ಕಾಲು ಇವರದು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ಅಂಗಳದಲ್ಲಿ ಯುದ್ಧಸ್ಮಾರಕ, ಒಂದು ಟಿ-55 ಟ್ಯಾಂಕು. ಇದು ಅಡಿಯ ಹಲಗೆ. ಒಳಗಿನ ಕೋಣೆಗಳಲ್ಲಿ ಹುಟ್ಟಿನಿಂದ ಕೊನೆಯವರೆಗಿನ ಬದುಕು. ಬೆಂಗಳೂರಿನ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಂತೂ ಹತ್ತಾರು ಅಡಿ ಎತ್ತರದ ಏಕಶಿಲೆಯನ್ನು ನೆಟ್ಟು ಅದಕ್ಕೆ ವೀರಗಲ್ಲೆಂದೇ ಹೆಸರಿಟ್ಟರು. ಎತ್ತರದಲ್ಲಿ ಅದು ಮಿಗಿಲು. ನಿಱಿಸಿದರಾರು ಎಂಬ ಪ್ರಶ್ನೆಗೆ ಸನ್ನಿಸೈಡಿನ ಉತ್ತರವೇ ಹಳೆಯ ಕಲ್ಲುಗಳಿಗೆ ಹತ್ತಿರ, ಏಕೆಂದರೆ ಅದೇ ಸೇನೆಯಲ್ಲಿ ದುಡಿದವರೇ ಅಲ್ಲಿ ಕರ್ತೃಗಳು.

ಎಣ್ಣೆಯೂ ಕುಂಕುಮವೂ ಮಳೆಯೂ ತಾಕಿ ಬರಹ ಸವೆದಿರುವ ಕಲ್ಲುಗಳೂ ಉಂಟು. ಸತ್ತವನ ಹೆಸರು ಹೋಗಿ, ನಿಲ್ಲಿಸಿದವನ ಹೆಸರೂ ಹೋಗಿ, ‘ನಿಱಿಸಿ’ ಎಂಬಷ್ಟೇ ಕೈಬೆರಳಿಗೆ ಸಿಗುವುದು. ಆಗ ಕರ್ತೃಪದವನ್ನು ‘ಊರವರು’ ಎಂದು ಅಧ್ಯಾಹಾರ ಮಾಡಿಕೊಳ್ಳಬೇಕು.